ಗುಂಪಿನ ವೇಗ ಕೊನೆಯ ಬೈಕ್‌ನಲ್ಲಿದೆ

ಐದು ಬೈಕ್‌ಗಳು ಸಾಲಾಗಿ ಹೆದ್ದಾರಿಗೆ ಇಳಿದಿವೆ. ಇವರಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವವರು ಯಾರು?

ಬಹಳಷ್ಟು ಮಂದಿ ‘ಮುಂದೆ ಇರುವವನು’ ಎನ್ನುತ್ತಾರೆ. ದಾರಿ ಗೊತ್ತಿರುವವನು ಅವನು, ದೊಡ್ಡ ಗಾಡಿಯೂ ಸಾಮಾನ್ಯವಾಗಿ ಅವನದೇ. ಆದರೆ ರಸ್ತೆಯ ಲೆಕ್ಕ ಬೇರೆ. ಮುಂದಿನವನು 60ರಲ್ಲಿ ಆರಾಮಾಗಿ ಹಾಡು ಗುನುಗುತ್ತಾ ಹೋಗುತ್ತಿರುವಾಗ ಕೊನೆಯವನ ಮೀಟರ್ 80, 90 ದಾಟಿರುತ್ತದೆ. ಅವನಿಗೆ ರೇಸ್ ಹುಚ್ಚೇನೂ ಇರುವುದಿಲ್ಲ. ಹಿಂದೆ ಬೀಳಬಾರದು, ಗೆಳೆಯರು ಕಣ್ಣಿನಿಂದ ಮರೆಯಾಗಬಾರದು ಎನ್ನುವುದಷ್ಟೇ ಅವನ ಚಿಂತೆ. ಗುಂಪಿನಲ್ಲಿ ಹೋಗುವಾಗಿನ ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದಲೇ.

ಬಳ್ಳಾರಿಯ ಕಾಲೇಜು ಹುಡುಗ ಹುಡುಗಿಯರಿಗೆ ರೈಡ್ ಹೊಸದಲ್ಲ. ರಜೆ ಸಿಕ್ಕರೆ ಹಂಪಿ, ಸಂಡೂರು, ತುಂಗಭದ್ರಾ ಜಲಾಶಯ. ಇನ್ನೊಂದು ಕಡೆಗೆ ಹೊರಟರೆ ಕುರುಗೋಡಿನ ದೊಡ್ಡಬಸವೇಶ್ವರ, ಸಿರುಗುಪ್ಪ ದಾಟಿದರೆ ನದಿ ದಂಡೆಯ ಕೆಂಚನಗುಡ್ಡ. ಗೆಳೆಯನ ಅಕ್ಕನ ಮದುವೆ, ಊರ ಜಾತ್ರೆ, ಪರೀಕ್ಷೆ ಮುಗಿದ ಸಂಜೆ, ಹೊಸ ವರ್ಷದ ರಾತ್ರಿ ಎಂದರೂ ನಾಲ್ಕಾರು ಗಾಡಿ ಒಟ್ಟಿಗೇ ಹೊರಡುತ್ತವೆ. ಹೋಗಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹೇಗೆ ಹೋಗಬೇಕು ಎನ್ನುವುದಷ್ಟೇ ಇಲ್ಲಿನ ವಿಷಯ.

ಒಂದು ಟ್ರ್ಯಾಕ್ಟರ್, ಐದು ಬೈಕ್

ಬಳ್ಳಾರಿಯಿಂದ ತೆಕ್ಕಲಕೋಟೆ ಮೇಲೆ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಇದೇ. ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಹೋಗುವ ಲಾರಿ, ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್, ಹೊಲದಿಂದ ಹೊಲಕ್ಕೆ ಹೋಗುವ ಕಟಾವು ಯಂತ್ರ, ಎಲ್ಲಕ್ಕೂ ಇದೇ ದಾರಿ.

ಈಗ ನಮ್ಮ ಐದು ಬೈಕ್‌ಗಳ ಮುಂದೆ ಹುಲ್ಲಿನ ಟ್ರ್ಯಾಕ್ಟರ್ ಸಿಕ್ಕಿತು ಎನ್ನಿ. ಅದರ ವೇಗ ಗಂಟೆಗೆ 25 ಕಿ.ಮೀ. ಮೊದಲನೆಯವನು ಎದುರು ಖಾಲಿ ನೋಡಿ ದಾಟಿಕೊಂಡು ಮತ್ತೆ 60ಕ್ಕೆ ಬಂದ. ಎದುರಿನಿಂದ ಲಾರಿ, ಅದರ ಹಿಂದೆ ಬಸ್. ಉಳಿದವರು 20 ಸೆಕೆಂಡ್ ಟ್ರ್ಯಾಕ್ಟರ್ ಹಿಂದೆಯೇ ಉಳಿದರು. ಅಷ್ಟರಲ್ಲಿ ಮೊದಲನೆಯವನಿಗೂ ಅವರಿಗೂ ನಡುವಿನ ಅಂತರ ಸುಮಾರು 195 ಮೀಟರ್ ಹಿಗ್ಗಿತು. ಇದನ್ನು 80ರ ವೇಗದಲ್ಲಿ ಹೋಗಿ ತುಂಬಬೇಕೆಂದರೆ 35 ಸೆಕೆಂಡ್ ಬೇಕು. ಕೊನೆಯವನಿಗೆ ದಾರಿ ಸಿಗಲು ಇನ್ನೂ 20 ಸೆಕೆಂಡ್ ತಡವಾದರೆ ಅಂತರ 390 ಮೀಟರ್. ಅದನ್ನು ಅವನೂ 35 ಸೆಕೆಂಡಿನಲ್ಲೇ ತುಂಬಿಬಿಡಬೇಕೆಂದರೆ ಗಾಡಿ 100ರಲ್ಲಿ ಓಡಬೇಕು. ದಾರಿಯುದ್ದಕ್ಕೂ ಇಂಥ ಹತ್ತು ಟ್ರ್ಯಾಕ್ಟರ್ ಸಿಕ್ಕರೆ ಕೊನೆಯವನು ಹತ್ತು ಸಲ ನೂರು ಮುಟ್ಟುತ್ತಾನೆ. ಇದು ಮುಂದಿನವನಿಗೆ ಗೊತ್ತೇ ಆಗುವುದಿಲ್ಲ. ‘ನಾನಂತೂ 60 ದಾಟಲೇ ಇಲ್ಲ’ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ.

ಗುಂಪು ಎನ್ನುವುದು ಎಳೆದಂತೆ ಹಿಗ್ಗಿ, ಬಿಟ್ಟಂತೆ ಕುಗ್ಗುವ ರಬ್ಬರ್ ಬ್ಯಾಂಡ್ ಇದ್ದ ಹಾಗೆ. ಹಿಗ್ಗಿದ್ದನ್ನು ಕುಗ್ಗಿಸುವ ಕೆಲಸ ಯಾವಾಗಲೂ ಹಿಂದಿನವನ ಪಾಲಿಗೇ ಬರುತ್ತದೆ. ಹಾಗಾಗಿ ಮುಂದಿರುವವನ ಮೊದಲ ಕರ್ತವ್ಯ ಸರಳ. ಓವರ್‌ಟೇಕ್ ಮಾಡಿದ ಮೇಲೆ 60ಕ್ಕೆ ಏರಿಸದೆ 40, 45ರಲ್ಲೇ ಹೋಗುತ್ತಾ ಕನ್ನಡಿಯಲ್ಲಿ ಕೊನೆಯ ಹೆಡ್‌ಲೈಟ್ ಕಾಣುವವರೆಗೆ ಕಾಯುವುದು.

ಅವನಿಗೆ ಸಿಕ್ಕ ದಾರಿ ನಿಮ್ಮದಲ್ಲ

ಗುಂಪಿನಲ್ಲಿ ಇನ್ನೊಂದು ಅಭ್ಯಾಸವಿದೆ. ಮುಂದಿನ ಗಾಡಿ ಬಲಕ್ಕೆ ಸರಿದ ಕೂಡಲೇ ಹಿಂದಿನವರೂ ಸರಿಯುವುದು. ಎದುರಿನ ರಸ್ತೆ ನೋಡಬೇಕಾದ ಕಣ್ಣು ಗೆಳೆಯನ ಟೇಲ್ ಲ್ಯಾಂಪ್ ನೋಡುತ್ತಿರುತ್ತದೆ.

ಮೇಲಿನ ಟ್ರ್ಯಾಕ್ಟರನ್ನೇ ಇಟ್ಟುಕೊಂಡು ಲೆಕ್ಕ ಹಾಕಿ. ಟ್ರಾಲಿಯೂ ಸೇರಿ ಹನ್ನೆರಡು ಮೀಟರ್ ಉದ್ದದ ಅದನ್ನು 55ರ ವೇಗದಲ್ಲಿ ಸುರಕ್ಷಿತವಾಗಿ ದಾಟಲು ಒಂದು ಬೈಕ್‌ಗೆ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ಬೈಕ್ 64 ಮೀಟರ್ ಮುಂದೆ ಹೋಗಿರುತ್ತದೆ, 60ರಲ್ಲಿ ಬರುವ ಎದುರಿನ ಲಾರಿ 70 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಒಬ್ಬನಿಗೇ ಕನಿಷ್ಠ 135 ಮೀಟರ್ ಖಾಲಿ ರಸ್ತೆ ಬೇಕು. ಎರಡೆರಡು ಸೆಕೆಂಡ್ ಅಂತರದಲ್ಲಿ ಐವರೂ ಒಂದೇ ಸಲಕ್ಕೆ ದಾಟಬೇಕೆಂದರೆ 300 ಮೀಟರಿಗಿಂತ ಹೆಚ್ಚು. ಮೊದಲನೆಯವನು ನೋಡಿದ್ದು ತನಗೆ ಬೇಕಾದ 135 ಮೀಟರನ್ನು ಮಾತ್ರ. ಐದನೆಯವನ ಪಾಲಿನ ರಸ್ತೆಯನ್ನು ಯಾರೂ ನೋಡಿರುವುದಿಲ್ಲ.

ಆದ್ದರಿಂದ ನಿಯಮ ಒಂದೇ. ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದ ನೋಡಿ, ತಮ್ಮ ಸರದಿಯಲ್ಲಿ, ಒಬ್ಬೊಬ್ಬರಾಗಿ ದಾಟಬೇಕು. ‘ಬಾ, ಬಾ’ ಎಂದು ಮುಂದಿನವನು ಕೈ ಬೀಸಿದರೂ ಅದನ್ನು ನಂಬಿ ನುಗ್ಗಬಾರದು. ಕೈ ಬೀಸಿದ ಕ್ಷಣಕ್ಕೂ ನೀವು ಬಲಕ್ಕೆ ಬಂದ ಕ್ಷಣಕ್ಕೂ ನಡುವೆ ಲಾರಿ ಎಷ್ಟೋ ಹತ್ತಿರ ಬಂದಿರುತ್ತದೆ.

ಅಂತರ ಎಷ್ಟಿರಬೇಕು?

ಒಣಗಿದ ಡಾಂಬರು, ಒಳ್ಳೆಯ ಟೈರು, ಒಳ್ಳೆಯ ಬ್ರೇಕು, ಎಚ್ಚರದಿಂದಿರುವ ಸವಾರ ಎಂದೇ ಇಟ್ಟುಕೊಳ್ಳೋಣ. ಅಪಾಯ ಕಂಡು ಕೈ ಬ್ರೇಕ್ ಮೇಲೆ ಹೋಗಲು ಒಂದು ಸೆಕೆಂಡ್ ಹಿಡಿದರೂ 60ರಲ್ಲಿ ಗಾಡಿ ಪೂರ್ತಿ ನಿಲ್ಲಲು ಸುಮಾರು 37 ಮೀಟರ್ ಬೇಕು. 80ರಲ್ಲಿ 57, 100ರಲ್ಲಿ 83. ವೇಗ ಒಂದೂವರೆ ಪಟ್ಟೂ ಆಗಿಲ್ಲದ 80ರಲ್ಲೇ ದೂರ ಒಂದೂವರೆ ಪಟ್ಟು ಆಯಿತು. 100ಕ್ಕೆ ಹೋದರೆ ಎರಡು ಪಟ್ಟಿಗೂ ಹೆಚ್ಚು.

ಗುಂಪಿನಲ್ಲಿ ಎಲ್ಲರ ಗಾಡಿಯೂ ಒಂದೇ ಇರುವುದಿಲ್ಲ. ಒಬ್ಬನದು ಎಬಿಎಸ್ ಇರುವ ಹೊಸ 200 ಸಿ.ಸಿ., ಇನ್ನೊಬ್ಬನದು ಅಪ್ಪ ಕೊಟ್ಟ ಹಳೆಯ ಸ್ಪ್ಲೆಂಡರ್. ಮುಂದಿನವನು ನಿಂತಷ್ಟು ಬೇಗ ಹಿಂದಿನವನಿಗೆ ನಿಲ್ಲಲಾಗುವುದಿಲ್ಲ. ಅದಕ್ಕೇ ಮುಂದಿನ ಗಾಡಿಗೂ ನಿಮಗೂ ಕನಿಷ್ಠ ಎರಡು ಸೆಕೆಂಡ್ ಅಂತರ ಇರಲಿ. ಅಳೆಯುವುದು ಸುಲಭ. ಮುಂದಿನವನು ಒಂದು ಕಿಲೋಮೀಟರ್ ಕಲ್ಲನ್ನು ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಮುಗಿಯುವ ಮೊದಲೇ ನೀವು ಕಲ್ಲಿನ ಹತ್ತಿರ ಬಂದಿದ್ದರೆ ಹಿಂದೆ ಸರಿಯಿರಿ.

ಅಗಲವಾದ ರಸ್ತೆಯಲ್ಲಿ ಅನುಭವಿಗಳು ಓರೆಸಾಲಿನಲ್ಲಿ ಹೋಗುತ್ತಾರೆ. ಒಬ್ಬ ಲೇನಿನ ಬಲಕ್ಕೆ, ಮುಂದಿನವನು ಎಡಕ್ಕೆ, ಮತ್ತೊಬ್ಬ ಬಲಕ್ಕೆ. ಪ್ರತಿಯೊಬ್ಬರಿಗೂ ಎದುರು ಕಾಣುತ್ತದೆ, ನೇರ ಮುಂದೆ ಜಾಗವೂ ಉಳಿಯುತ್ತದೆ. ತಿರುವು, ಸೇತುವೆ, ಊರೊಳಗಿನ ರಸ್ತೆ, ಹಾಳಾದ ಡಾಂಬರು ಬಂದಾಗ ಎಲ್ಲರೂ ಒಂದೇ ಸಾಲಿಗೆ ಬರಬೇಕು. ಜೋಡಿ ಜೋಡಿಯಾಗಿ ಮಾತಾಡುತ್ತಾ ಹೋಗುವುದಂತೂ ಬೇಡವೇ ಬೇಡ. ಪಕ್ಕದವನಿಗೆ ಗುಂಡಿ ತಪ್ಪಿಸಲು ಜಾಗವೇ ಇರುವುದಿಲ್ಲ.

ನಮ್ಮ ರಸ್ತೆಗಳ ಸ್ವಭಾವ

ಬೆಂಗಳೂರಿನ ರೈಡರ್‌ಗಳ ವಿಡಿಯೊ ನೋಡಿ ಕಲಿತದ್ದೆಲ್ಲ ಇಲ್ಲಿಗೆ ಸಾಲುವುದಿಲ್ಲ. ಕಟಾವಿನ ದಿನಗಳಲ್ಲಿ ಹೆದ್ದಾರಿಯ ಅಂಚಿನಲ್ಲೇ ಭತ್ತ ಒಣಗಲು ಹರಡಿರುತ್ತಾರೆ, ಅದರ ಸುತ್ತ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಟೈರು ಜಾರುತ್ತದೆ. ಕತ್ತಲಾದ ಮೇಲೆ ಆ ಕಲ್ಲುಗಳು ಕಾಣುವುದೇ ಇಲ್ಲ. ಹುಲ್ಲಿನ ಲೋಡು ಟ್ರಾಲಿಯಿಂದ ಎರಡೂ ಬದಿಗೆ ಚಾಚಿಕೊಂಡು ಹಿಂದಿನ ದೀಪವನ್ನು ಮುಚ್ಚಿರುತ್ತದೆ. ಕುರುಗೋಡು ದಾರಿಯಲ್ಲಿ ಹೊಲದಿಂದ ನೇರ ರಸ್ತೆಗೆ ಬರುವ ಗಾಡಿ, ಸಂಜೆ ಮನೆಗೆ ಮರಳುವ ಎಮ್ಮೆ, ಕುರಿ ಹಿಂಡು. ಸಂಡೂರಿನ ಕಡೆ ಹೋದರೆ ಅದಿರಿನ ಟಿಪ್ಪರ್ ಮತ್ತು ಕೆಂಪು ದೂಳು.

ಇದರ ಮೇಲೆ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರು ನಮ್ಮದು. ನೀರು ಕುಡಿಯದೆ ಮಧ್ಯಾಹ್ನ ಗಾಡಿ ಓಡಿಸಿದರೆ ತಲೆ ಮಂಕಾಗುತ್ತದೆ, ಬ್ರೇಕ್ ಹಿಡಿಯುವ ಕೈ ತಡಮಾಡುತ್ತದೆ. ಬೆಳಿಗ್ಗೆ ಹೊರಡಿ, ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿ, ಕತ್ತಲಾಗುವ ಮೊದಲು ಮನೆ ಸೇರಿ.

ಕಾನೂನು ಮತ್ತು ಕೆಲಸದ ಅರ್ಜಿ

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಬೈಕ್‌ಗಳ ಗರಿಷ್ಠ ವೇಗ ಡಿವೈಡರ್ ಇರುವ ಚತುಷ್ಪಥದಲ್ಲಿ 80, ಉಳಿದ ರಸ್ತೆಗಳಲ್ಲಿ 60. ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿಯ ಫಲಕ ಹಾಕಿದ್ದರೆ ಅದೇ ಅಂತಿಮ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಿರ್ಲಕ್ಷ್ಯದ ಚಾಲನೆಯಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆ. ಪೊಲೀಸ್, ಸೇನೆ, ಸರ್ಕಾರಿ ನೌಕರಿಗೆ ಓದುತ್ತಿರುವವರು ಇದನ್ನು ನೆನಪಿಡಬೇಕು. ಆಯ್ಕೆಯಾದ ಮೇಲೆ ಪೂರ್ವಾಪರ ಪರಿಶೀಲನೆಯಲ್ಲಿ ಬಾಕಿ ಇರುವ ಕೇಸಿನ ಬಗ್ಗೆ ಕೇಳುತ್ತಾರೆ.

ಇನ್ನೊಂದು ವಿಷಯ ಮನೆಯವರಿಗೆ ಸಂಬಂಧಿಸಿದ್ದು. 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ ಕಾರೊಂದು ಪಲ್ಟಿಯಾಗಿ ಅದನ್ನು ಓಡಿಸುತ್ತಿದ್ದವರು ಮೃತಪಟ್ಟರು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ಅಪಘಾತಕ್ಕೆ ಅವರದೇ ಅತಿವೇಗ, ಅಜಾಗರೂಕತೆ ಕಾರಣ ಎಂದು ಕರ್ನಾಟಕ ಹೈಕೋರ್ಟ್ ಅರ್ಜಿ ತಿರಸ್ಕರಿಸಿತು. ಆ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುವ ಧೈರ್ಯ ಎಷ್ಟು ಟೊಳ್ಳು ಎಂಬುದಕ್ಕೆ ಇಷ್ಟು ಸಾಕು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅದರಲ್ಲಿ ಹಿಂದೆ ಕೂತವರೂ ಸೇರಿದ್ದಾರೆ. ಅಂದರೆ ಎರಡು ಹೆಲ್ಮೆಟ್ ಬೇಕು, ಎರಡಕ್ಕೂ ಐಎಸ್‌ಐ ಗುರುತು ಇರಬೇಕು, ಎರಡರ ಪಟ್ಟಿಯನ್ನೂ ಬಿಗಿಯಾಗಿ ಕಟ್ಟಿರಬೇಕು.

ಹೊರಡುವ ಮುನ್ನ ಹತ್ತು ನಿಮಿಷ

ಗುಂಪು ಐದಾರು ಗಾಡಿ ದಾಟಿದರೆ ಎರಡು ಗುಂಪು ಮಾಡಿ. ಹೊಸಬರು, ಚಿಕ್ಕ ಗಾಡಿಯವರು, ಹಿಂದೆ ಯಾರನ್ನಾದರೂ ಕೂರಿಸಿಕೊಂಡವರು ಎರಡನೇ ಜಾಗದಲ್ಲಿರಲಿ. ಆಗ ಮುಂದಿನವನ ಕನ್ನಡಿಯಲ್ಲಿ ಅವರೇ ಕಾಣುತ್ತಾರೆ, ಅವರ ವೇಗವೇ ಎಲ್ಲರ ವೇಗವಾಗುತ್ತದೆ. ಅತ್ಯಂತ ಅನುಭವಿ ಕೊನೆಯಲ್ಲಿರಲಿ. ಹಿಂದೆ ಬಿದ್ದರೂ ಗಾಬರಿಯಾಗದವನು ಅಲ್ಲಿರಬೇಕು.

ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿ. ‘ತೆಕ್ಕಲಕೋಟೆ ಬಸ್ ನಿಲ್ದಾಣದ ಹತ್ತಿರ ಎಲ್ಲರೂ ಸೇರೋಣ’ ಎಂದು ಮಾತಾದರೆ ದಾರಿಯಲ್ಲಿ ಯಾರನ್ನೂ ಬೆನ್ನಟ್ಟಬೇಕಿಲ್ಲ. ದಾರಿ ಕವಲೊಡೆಯುವ ಕಡೆ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವವರೆಗೆ ರಸ್ತೆಯಿಂದ ಕೆಳಗಿಳಿದು ನಿಲ್ಲಲಿ. ಈ ಒಂದು ಪದ್ಧತಿ ಇದ್ದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ‘ಎಲ್ಲಿದ್ದೀಯಲೇ, ಬೇಗ ಬಾ’ ಎಂದು ಓಡಿಸುತ್ತಿರುವವನಿಗೆ ಫೋನ್ ಮಾಡಬೇಡಿ. ಆ ಒಂದು ಕರೆಯೇ ಅವನ ಗಾಡಿಯ ವೇಗ ಹೆಚ್ಚಿಸುತ್ತದೆ.

ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಉಳಿದ ಬೈಕ್‌ಗಳನ್ನು ರಸ್ತೆಯಿಂದ ದೂರ ನಿಲ್ಲಿಸಿ, ಒಬ್ಬರು ಹಿಂದಕ್ಕೆ ಹೋಗಿ ಬರುವ ವಾಹನಗಳಿಗೆ ಸೂಚನೆ ಕೊಡಲಿ. ಗಾಯಾಳುವಿಗೆ ನೆರವಾದವರಿಗೆ ಕಾಯ್ದೆಯ 134ಎ ಕಲಂ ರಕ್ಷಣೆ ಕೊಟ್ಟಿದೆ, ಹಾಗಾಗಿ ಕೇಸಿನ ಭಯ ಬೇಡ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

ಇಷ್ಟೆಲ್ಲ ಮಾಡಿದರೆ ತಡವಾಗುವುದಿಲ್ಲವೇ? ಸಿರುಗುಪ್ಪದವರೆಗಿನ 55 ಕಿ.ಮೀ.ಗೆ 60ರಲ್ಲಿ 55 ನಿಮಿಷ, 80ರಲ್ಲಿ 41 ನಿಮಿಷ. ಕಾಗದದ ಮೇಲೆ ಉಳಿಯುವುದು 14 ನಿಮಿಷ. ಊರುಗಳು, ಉಬ್ಬುಗಳು, ಟ್ರ್ಯಾಕ್ಟರ್‌ಗಳು ಅದರಲ್ಲಿ ಅರ್ಧ ತಿನ್ನುತ್ತವೆ. ಉಳಿದದ್ದು ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿ ಬರುವಷ್ಟು ಹೊತ್ತು.

ಮುಂದಿನ ಸಲ ಹೋದಾಗ ಚಹಾಕ್ಕೆ ನಿಂತ ಕಡೆ ಒಂದು ಕೆಲಸ ಮಾಡಿ. ಕೊನೆಗೆ ಬಂದು ಗಾಡಿ ನಿಲ್ಲಿಸಿದವನನ್ನು ‘ಯಾಕಲೇ ಲೇಟು’ ಎಂದು ಕೇಳಬೇಡಿ. ‘ನಿನ್ನ ಮೀಟರ್ ಎಷ್ಟರವರೆಗೆ ಹೋಗಿತ್ತು’ ಎಂದು ಕೇಳಿ. ಅವನು ಹೇಳುವ ಅಂಕಿಯೇ ನಿಮ್ಮ ಗುಂಪಿನ ವೇಗ. ಅದು ಜಾಸ್ತಿ ಎನಿಸಿದರೆ, ಅಲ್ಲಿಂದ ಮುಂದೆ ಎಲ್ಲರಿಗಿಂತ ಮುಂದಿರುವವನು ನಿಧಾನ ಮಾಡಲಿ.