ನದಿಗೆ ಎಸೆಯದ ಗೆಳೆಯ

ಫಲಿತಾಂಶ ಬಂದ ದಿನ ನಾನೂ ನನ್ನ ರೂಮ್‌ಮೇಟೂ ಒಂದೇ ಮೊಬೈಲಿನಲ್ಲಿ ಪಟ್ಟಿ ನೋಡಿದ್ದೆವು. ಅವಳ ನಂಬರ್ ಇತ್ತು. ನನ್ನದು ಇರಲಿಲ್ಲ. ಮೈಸೂರಿನ ಸರಸ್ವತಿಪುರಂನ ಪಿಜಿಯೊಂದರಲ್ಲಿ ಎರಡು ವರ್ಷ ಒಟ್ಟಿಗೆ ಓದಿದ್ದೆವು. ಒಂದೇ ನೋಟ್ಸು, ಒಂದೇ ಮೆಸ್ಸು, ಒಂದೇ ಬಕೆಟ್ಟು. ಅವಳಿಗೆ ಎಫ್‌ಡಿಎ ಕೆಲಸ ಸಿಕ್ಕಿತು, ನನಗೆ ಒಂದೂವರೆ ಅಂಕ ಕಡಿಮೆ ಬಿತ್ತು.

ಅವಳು ನನ್ನ ತಬ್ಬಿಕೊಂಡು ಅತ್ತಳು. ನಾನು ಅಳಲಿಲ್ಲ. ‘ಕಂಗ್ರಾಟ್ಸ್’ ಅನ್ನಲೂ ಇಲ್ಲ. ತಲೆನೋವು ಅಂತ ಹೇಳಿ ಮುಸುಕು ಹಾಕಿಕೊಂಡು ಮಲಗಿಬಿಟ್ಟೆ.

ವಾರ ಕಳೆದ ಮೇಲೆ ನನ್ನ ಕಥೆಗಳ ನೋಟ್‌ಬುಕ್ಕನ್ನು ರದ್ದಿ ಪೇಪರ್ ಜೊತೆ ಹಾಕಿದೆ. ಹೌದು, ನಾನು ಕಥೆ ಬರೆಯುತ್ತಿದ್ದೆ. ‘ಓದೋದು ಬಿಟ್ಟು ಅದೇನ್ ಗೀಚ್ತಾ ಕೂತಿದ್ಯೇ’ ಅಂತ ಅಮ್ಮ ಬೈಯುತ್ತಿದ್ದುದು ನಿಜವಾಯಿತಲ್ಲ ಎನಿಸಿತ್ತು. ಅಷ್ಟರಲ್ಲಿ ಗೆಳತಿಗೆ ಹಾಸನದ ಕಡೆ ಪೋಸ್ಟಿಂಗ್ ಆಯ್ತು. ಹೋದವಳು ದಿನಾ ಫೋನ್ ಮಾಡುತ್ತಿದ್ದಳು. ನಾನು ಎತ್ತುತ್ತಿರಲಿಲ್ಲ. ಆಮೇಲೆ ವಾರಕ್ಕೊಮ್ಮೆ ಮಾಡಿದಳು. ಆಮೇಲೆ ನಿಲ್ಲಿಸಿದಳು.

ಹೀಗಿರುವಾಗ ಒಂದು ಭಾನುವಾರ ರೈಲ್ವೆ ಸ್ಟೇಷನ್‌ಗೆ ಅಣ್ಣನನ್ನು ಬಿಡಲು ಹೋದವಳು, ರೂಮಿಗೆ ವಾಪಸ್ ಹೋಗಲು ಮನಸ್ಸಾಗದೆ ಯಾದವಗಿರಿ ಕಡೆ ನಡೆದೆ. ಅಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆ. ಕೆಡವಲು ಹೊರಟಿದ್ದ ಆ ಮನೆಯನ್ನು ಮಹಾನಗರ ಪಾಲಿಕೆ ಉಳಿಸಿಕೊಂಡು 2016ರಲ್ಲಿ ಮ್ಯೂಸಿಯಂ ಮಾಡಿತು. ಎಷ್ಟೋ ಸಲ ಅದರ ಮುಂದೆ ಓಡಾಡಿದ್ದರೂ ಒಳಗೆ ಹೋಗಿರಲಿಲ್ಲ. ‘ಮಾಲ್ಗುಡಿ ಡೇಸ್’ ಬರೆದವರು, ಶಂಕರ್‌ನಾಗ್ ಆಗುಂಬೆಯಲ್ಲಿ ಅದನ್ನು ಸೀರಿಯಲ್ ಮಾಡಿದರು ಎನ್ನುವುದು ಬಿಟ್ಟರೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಮಹಡಿ ಮೇಲಿನ ಕೋಣೆಯ ಕಿಟಕಿಗಳ ಎದುರು ತುಂಬಾ ಹೊತ್ತು ನಿಂತೆ. ಮರುದಿನವೇ ಲೈಬ್ರರಿಯಿಂದ ಅವರ ಆತ್ಮಕಥೆ ‘ಮೈ ಡೇಸ್’ ತಂದೆ. ನನ್ನ ಇಂಗ್ಲಿಷಿಗೆ ಡಿಕ್ಷನರಿ ಪಕ್ಕದಲ್ಲೇ ಬೇಕು. ಆದರೂ ನಾಲ್ಕು ದಿನದಲ್ಲಿ ಮುಗಿಸಿದೆ. ಯಾಕೆಂದರೆ ಅದರಲ್ಲಿ ನನ್ನ ಕಥೆಯೇ ಇತ್ತು!

ಇಂಗ್ಲಿಷಿನಲ್ಲೇ ಫೇಲ್

ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೇ ಹೆಸರಾದ ನಾರಾಯಣ್, ಕಾಲೇಜು ಸೇರುವ ಮುಂಚಿನ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದು ಇಂಗ್ಲಿಷಿನಲ್ಲಿ! ಇಡೀ ವರ್ಷ ಮನೆಯಲ್ಲೇ ಇರಬೇಕಾಯಿತು. ಆ ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಓದು. ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರ್. ಶಾಲೆಯ ಲೈಬ್ರರಿಗೆ ಬರುತ್ತಿದ್ದ ಲಂಡನ್ನಿನ ಪತ್ರಿಕೆಗಳು ಮನೆಗೂ ಬರುತ್ತಿದ್ದವು. ಸ್ಕಾಟ್, ಡಿಕನ್ಸ್, ವುಡ್‌ಹೌಸ್ ಎಲ್ಲವನ್ನೂ ಓದಿದರು. ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ಹೋಗುತ್ತಿದ್ದರಂತೆ. ನಾವು ಜಿಕೆ ಬಾಯಿಪಾಠ ಮಾಡುತ್ತಾ ಸುತ್ತು ಹಾಕುತ್ತಿದ್ದೆವಲ್ಲ, ಅದೇ ಕೆರೆ.

ಡಿಗ್ರಿಗೂ ಒಂದು ವರ್ಷ ಜಾಸ್ತಿ ಹಿಡಿಯಿತು. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಆದರು. ಅದೇ ವರ್ಷ ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಒಂದು ನೋಟ್‌ಬುಕ್ ಕೊಂಡು ಕಾದಂಬರಿ ಬರೆಯಲು ಕೂತರು. ಆಗ ಅವರ ಕಣ್ಮುಂದೆ ಬಂದದ್ದು ಪುಟ್ಟ ರೈಲ್ವೆ ಸ್ಟೇಷನ್ ಇರುವ ಒಂದು ಊರು. ಅದೇ ಮಾಲ್ಗುಡಿ. ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸವೂ ಸಿಕ್ಕಿತ್ತು, ಕೆಲವೇ ದಿನದಲ್ಲಿ ಬಿಟ್ಟು ಬಂದರು. ಸರ್ಕಾರಿ ಕೆಲಸ ಬಿಟ್ಟು ಬಂದ ಮಗನನ್ನು ಇಟ್ಟುಕೊಂಡ ಮನೆಯವರಿಗೆ ನನ್ನದೊಂದು ನಮಸ್ಕಾರ!

ಬರವಣಿಗೆಯಿಂದ ಮೊದಲ ವರ್ಷ ಅವರು ಗಳಿಸಿದ್ದು ಒಂಬತ್ತು ರೂಪಾಯಿ ಹನ್ನೆರಡು ಆಣೆ. ಅದೂ ಕಡಲ ಕಾನೂನಿನ ಮೇಲಿನ ಒಂದು ಪುಸ್ತಕದ ವಿಮರ್ಶೆಗೆ. ಮದ್ರಾಸಿನ ‘ಜಸ್ಟೀಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾದರು. ಸುದ್ದಿಗೆ ಇಂಚು ಲೆಕ್ಕದಲ್ಲಿ ದುಡ್ಡು. ಕೋರ್ಟು, ಮುನಿಸಿಪಾಲಿಟಿ, ಮಾರುಕಟ್ಟೆ ಅಂತ ದಿನವಿಡೀ ಸುತ್ತಾಟ. ಮುಂದೆ ಹೆಸರು ಬಂದ ಮೇಲೂ ಅವರು ಮೈಸೂರಿನ ಬೀದಿ ಸುತ್ತುವುದನ್ನು ಬಿಡಲಿಲ್ಲ. ಅಂಗಡಿಯವರು, ವಕೀಲರು, ವಿದ್ಯಾರ್ಥಿಗಳು, ಯಾರು ಸಿಕ್ಕರೂ ನಿಂತು ಮಾತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರಂಥ ಗೆಳೆಯರೂ ಇದ್ದರು. ಅವರು ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ನಡೆಸಿದಾಗ ಅದನ್ನು ಅಚ್ಚು ಹಾಕಿಕೊಟ್ಟ ಗೆಳೆಯನೇ ಮುಂದೆ ‘ಮಿಸ್ಟರ್ ಸಂಪತ್’ ಕಾದಂಬರಿಯ ಪಾತ್ರಕ್ಕೆ ಮೂಲವಾದ. ಪಾತ್ರಗಳನ್ನು ಹುಡುಕಿಕೊಂಡು ಅವರು ಎಲ್ಲಿಗೂ ಹೋಗಲಿಲ್ಲ, ದಿನಾ ಮಾತಾಡಿಸುತ್ತಿದ್ದರು ಅಷ್ಟೇ.

ಆ ಮಹಡಿ ಕೋಣೆಯದೂ ಒಂದು ತಮಾಷೆ ಇದೆ. ಬರೆಯಲೆಂದೇ ಎಂಟು ಕಿಟಕಿ ಇಡಿಸಿದರು. ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ರೈಲು, ಮೇಯುವ ದನಕರು. ನೋಡುತ್ತಾ ಕೂತರೆ ಬರೆಯುವುದು ಯಾವಾಗ? ಕೊನೆಗೆ ದೊಡ್ಡ ಪರದೆ ಹಾಕಿಸಿದರಂತೆ! ಇದನ್ನು ಓದಿದ ದಿನವೇ ನಾನು ಮೊಬೈಲನ್ನು ಬೀರುವಿನಲ್ಲಿಟ್ಟು ಓದಲು ಶುರು ಮಾಡಿದೆ. ನಮ್ಮೆಲ್ಲರ ಎಂಟು ಕಿಟಕಿ ಅದರಲ್ಲೇ ಇದೆಯಲ್ಲ.

ಕಲ್ಲು ಕಟ್ಟಿ ಎಸೆದುಬಿಡು

ಆದರೆ ನನ್ನನ್ನು ಅಲ್ಲಾಡಿಸಿದ್ದು ಇದ್ಯಾವುದೂ ಅಲ್ಲ, ಪೂರ್ಣ ಎಂಬ ಹೆಸರು.

ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅನ್ನು ಇಂಗ್ಲೆಂಡಿನ ಪ್ರಕಾಶಕರು ಬೇಡವೆಂದು ವಾಪಸ್ ಕಳಿಸುತ್ತಿದ್ದರು. ಮೈಸೂರಿನ ಗೆಳೆಯ ಪೂರ್ಣ ಆಗ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು. ಬೇಸತ್ತ ನಾರಾಯಣ್ ಅವರಿಗೆ ಒಂದು ಕಾಗದ ಬರೆದರು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು.

ಪೂರ್ಣ ಎಸೆಯಲಿಲ್ಲ. ಆಕ್ಸ್‌ಫರ್ಡ್‌ನಲ್ಲೇ ಇದ್ದ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಅದನ್ನು ತಲುಪಿಸಿದರು. ಗ್ರೀನ್‌ಗೆ ಇಷ್ಟವಾಯಿತು. ಅವರೇ ಶಿಫಾರಸು ಮಾಡಿ 1935ರಲ್ಲಿ ಪುಸ್ತಕ ಹೊರಬರುವಂತೆ ಮಾಡಿದರು. ನಾರಾಯಣಸ್ವಾಮಿ ಎಂಬ ಉದ್ದ ಹೆಸರು ಆರ್.ಕೆ. ನಾರಾಯಣ್ ಎಂದು ಚಿಕ್ಕದಾದದ್ದೂ ಅವರ ಸಲಹೆಯಿಂದಲೇ. ಪುಸ್ತಕ ಹೆಚ್ಚು ಮಾರಾಟವಾಗದಿದ್ದಾಗ ಮುಂದಿನ ಪುಸ್ತಕಕ್ಕೆ ಬೇರೆ ಪ್ರಕಾಶಕರನ್ನು ಹುಡುಕಿಕೊಟ್ಟರು. 1939ರಲ್ಲಿ ಹೆಂಡತಿ ರಾಜಮ್ ಟೈಫಾಯ್ಡ್‌ನಿಂದ ತೀರಿಕೊಂಡು, ಪುಟ್ಟ ಮಗಳೊಂದಿಗೆ ಉಳಿದ ನಾರಾಯಣ್‌ಗೆ ಬರವಣಿಗೆಯೇ ಬೇಡವಾಗಿತ್ತು. ಆ ದುಃಖವೇ ಮುಂದೆ ‘ದಿ ಇಂಗ್ಲಿಷ್ ಟೀಚರ್’ ಆದಾಗಲೂ ಪ್ರಕಟಣೆಗೆ ನಿಂತವರು ಗ್ರೀನ್. ಇಷ್ಟೆಲ್ಲ ಆಗಿಯೂ ಇವರಿಬ್ಬರು ಮೊದಲ ಸಲ ಮುಖ ನೋಡಿದ್ದು 1956ರಲ್ಲಿ! ಇಪ್ಪತ್ತು ವರ್ಷ ಬರೀ ಕಾಗದದ ಗೆಳೆತನ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಫೇಲಾದವರೆಲ್ಲ ನಾರಾಯಣ್ ಆಗಿಬಿಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಪೂರ್ಣ ಆಗಲು ಯಾವ ಪ್ರತಿಭೆಯೂ ಬೇಕಿಲ್ಲವಲ್ಲ? ನಾನು ಅದೂ ಆಗಿರಲಿಲ್ಲ. ಗೆಳತಿ ಗೆದ್ದಾಗ ಒಂದು ಒಳ್ಳೆಯ ಮಾತು ಆಡಲು ನನ್ನಿಂದ ಆಗಿರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ. ಏಳು ತಿಂಗಳ ಮೇಲೆ. ಎತ್ತುವುದಿಲ್ಲ ಅಂದುಕೊಂಡಿದ್ದೆ. ಎತ್ತಿದಳು.

‘ಏನೇ, ಬದುಕಿದ್ಯಾ?’

‘ಕಂಗ್ರಾಟ್ಸ್ ಕಣೇ’ ಎಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೂಗೊರೆಸಿಕೊಂಡು, ‘ನೀನು ರದ್ದಿಗೆ ಹಾಕಿದ್ದ ನೋಟ್‌ಬುಕ್ ನನ್ನ ಹತ್ರ ಇದೆ. ಬಸ್ಸಲ್ಲಿ ಓದ್ದೆ. ಮೊದಲನೇ ಕಥೆ ಚೆನ್ನಾಗಿದೆ. ಎರಡನೇದು ಕೊನೇಲಿ ಕೆಡಿಸಿದ್ಯ’ ಎಂದಳು.

ಈಗ ಮತ್ತೆ ಪರೀಕ್ಷೆಗೆ ಓದುತ್ತಿದ್ದೇನೆ. ಈ ಸಲವೂ ಏನಾಗುತ್ತದೋ ಗೊತ್ತಿಲ್ಲ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಮಾತ್ರ ಬರೆಯುತ್ತೇನೆ. ಶನಿವಾರ ಅವಳು ಮೈಸೂರಿಗೆ ಬರುತ್ತಾಳೆ. ಯಾದವಗಿರಿಯ ಮನೆಗೆ ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ಎರಡನೇ ಕಥೆಯ ಕೊನೆ ಸರಿ ಮಾಡಿಡಬೇಕು, ಇಲ್ಲದಿದ್ದರೆ ಬೈಯುತ್ತಾಳೆ.