ನೀರಿನೊಳಗಿನ ಬೇನೆ

ದನಕ್ಕೆ ಬೇನೆ ಬಂದರೆ ಅದು ಮೇವು ಬಿಡುತ್ತದೆ; ಗಿಡಕ್ಕೆ ರೋಗ ತಗುಲಿದರೆ ಎಲೆ ಬಾಡುತ್ತದೆ. ಒಡೆಯನಿಗೆ ಕೂಡಲೇ ತಿಳಿಯುತ್ತದೆ. ಮೀನಿನ ಪಾಡು ಬೇರೆ. ಅದರ ಬೇನೆ ನೀರಿನ ಮರೆಯಲ್ಲಿ ಬೆಳೆದು, ಕಣ್ಣಿಗೆ ಬೀಳುವ ಹೊತ್ತಿಗೆ ಕೊಳದ ಸಂಪತ್ತು ಬಹುಮಟ್ಟಿಗೆ ಕೈಬಿಟ್ಟಿರುವುದುಂಟು. ಆದುದರಿಂದ ಮೀನು ಸಾಕುವವನು ಮೀನಿಗಿಂತ ಮೊದಲು ನೀರಿನ ಆರೋಗ್ಯವನ್ನು ನೋಡಿಕೊಳ್ಳಬೇಕಾಗುತ್ತದೆ.

ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯ ಸುತ್ತಣ ನಾಡಿನಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಇದು ದೂಧಗಂಗೆಯ ದಂಡೆಯ ಕಬ್ಬಿನ ಸೀಮೆ. ಘಟ್ಟದಲ್ಲಿ ಮಳೆ ಜೋರಾದರೆ ಇಲ್ಲಿ ಹೊಳೆ ದಡ ಮೀರುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹವನ್ನು ಕೃಷ್ಣಾತೀರದವರು ಮರೆತಿಲ್ಲ. ನೆರೆಯ ನೀರು ಕೊಳದ ಏರಿಯನ್ನು ದಾಟಿದರೆ ಸಾಕಿದ ಮೀನು ಹೊಳೆಯ ಪಾಲಾಗುತ್ತದೆ. ಜೊತೆಗೆ ಹೊಳೆಯ ಮೀನು ಒಳನುಗ್ಗಿ ರೋಗವನ್ನೂ ತರಬಹುದು.

ಹೀಗೆ ನೀರಿನ ದಾರಿ ಹಿಡಿದು ಹಬ್ಬಿದ ರೋಗಗಳಲ್ಲಿ ಘೋರವಾದುದು ಹುಣ್ಣುರೋಗ. 1971ರಲ್ಲಿ ಜಪಾನಿನಲ್ಲಿ ಗುರುತಿಸಲಾದ ಈ ರೋಗ ಮರುವರ್ಷ ಆಸ್ಟ್ರೇಲಿಯದಲ್ಲಿ ಕಾಣಿಸಿಕೊಂಡು, ಆಗ್ನೇಯ ಏಷ್ಯವನ್ನು ಬಳಸಿ, 1988ರಲ್ಲಿ ಭಾರತದ ಈಶಾನ್ಯ ಭಾಗಕ್ಕೆ ಕಾಲಿಟ್ಟಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಕರ್ನಾಟಕದ ನೀರನ್ನೂ ಹೊಕ್ಕಿತು. ಅಫನೊಮೈಸಿಸ್ ಇನ್ವಡನ್ಸ್ ಎಂಬ ಬೂಷ್ಟಿನಂಥ ಜೀವಿ ಇದಕ್ಕೆ ಮೂಲ. ಈಜಬಲ್ಲ ಅದರ ಬೀಜಾಣುಗಳು ಮೀನಿನ ಗಾಯಗೊಂಡ ಚರ್ಮಕ್ಕೆ ಅಂಟಿ ಮಾಂಸದೊಳಗೆ ಇಳಿಯುತ್ತವೆ. ಮೊದಲು ಕೆಂಪು ಚುಕ್ಕೆ, ಆಮೇಲೆ ಆಳವಾದ ಹುಣ್ಣು. ಮಳೆಗಾಲ ಕಳೆದು ನೀರು ತಣ್ಣಗಾಗುವ ದಿನಗಳು ಇದಕ್ಕೆ ಅನುಕೂಲ. ಕೊರವ ಮೀನು ಬೇಗ ಬಲಿಯಾಗುತ್ತದೆ; ಮೃಗಾಲ್‌ಗೂ ಅಪಾಯವುಂಟು. ಸಾಮಾನ್ಯ ಗೆಂಡೆ, ಜಿಲೇಬಿ ಮೀನುಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ.

ಈ ರೋಗ ಮನುಷ್ಯನಿಗೆ ಅಂಟುವುದಿಲ್ಲ. ಆದರೂ ಅದು ಕಾಣಿಸಿಕೊಂಡ ಕಡೆಗಳಲ್ಲಿ ಜನ ಹೆದರಿ ಮೀನನ್ನೇ ಕೊಳ್ಳದೆ ಹೋದರು; ಆರೋಗ್ಯವಾದ ಮೀನೂ ಮಾರಾಟವಾಗದೆ ಉಳಿದು ಬೆಸ್ತರ ಸಂಸಾರಗಳು ಕಷ್ಟಕ್ಕೆ ಸಿಕ್ಕವು. ಹುಣ್ಣಾದ ಮೀನನ್ನು ಗೃಹಿಣಿಯರು ನಿರಾಕರಿಸುವುದು ಸರಿಯೇ; ಕಣ್ಣು ತಿಳಿಯಾಗಿ, ಕಿವಿರು ಕೆಂಪಾಗಿ, ಮೈ ಗಟ್ಟಿಯಾಗಿರುವ ಮೀನನ್ನು ದೂರಮಾಡಲು ಕಾರಣವಿಲ್ಲ.

ಇನ್ನು ಹತೋಟಿಯ ಮಾತು. ಮೀನು ಹಿಡಿದಾದ ಮೇಲೆ ಕೊಳವನ್ನು ತಳದ ಮಣ್ಣು ಬಿರಿಯುವವರೆಗೆ ಒಣಗಿಸಿ ಸುಣ್ಣ ಹಾಕಬೇಕು. ಏರಿಯನ್ನು ನೆರೆಯ ಮಟ್ಟಕ್ಕಿಂತ ಎತ್ತರಿಸಿ, ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ತಂದ ಮರಿಗಳನ್ನು ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಕೆಲವೇ ನಿಮಿಷ ಇರಿಸಿ, ಅವು ತಳಮಳಿಸಿದೊಡನೆ ತೆಗೆದು ಕೊಳಕ್ಕೆ ಬಿಡಬೇಕು. ಚಳಿಗೆ ಮುಂಚೆ ಕೊಳಕ್ಕೆ ಸುಣ್ಣ ಹಾಕುವುದೂ ಹಿತಕರ. ಆದರೆ ಈ ಸೀಮೆಯಲ್ಲಿ ಸವಳು ನೆಲವೂ ಇರುವುದರಿಂದ ಮೊದಲು ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು. ಕ್ಷಾರ ಹೆಚ್ಚಿದ ನೀರಿಗೆ ಮತ್ತೆ ಸುಣ್ಣ ಸುರಿದರೆ ಅಮೋನಿಯದ ವಿಷ ಏರುತ್ತದೆ.

ರೋಗ ತಗುಲಿದಾಗ ಪ್ರತಿಜೀವಕ ಔಷಧಗಳನ್ನು ನೀರಿಗೆ ಸುರಿಯುವುದು ವ್ಯರ್ಥ. ಅವು ಈ ಬೂಷ್ಟನ್ನು ಕೊಲ್ಲಲಾರವು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಸಿದ್ಧಪಡಿಸಿದ ಸಿಫಾಕ್ಸ್ ಎಂಬ ಮದ್ದನ್ನು ಒಂದು ಹೆಕ್ಟೇರ್ ಅಗಲ, ಒಂದು ಮೀಟರ್ ಆಳದ ನೀರಿಗೆ 1 ಲೀಟರಿನಂತೆ ಬಳಸುವುದು ರೂಢಿ. ಯಾವ ಮದ್ದಿಗೂ ಮೀನುಗಾರಿಕೆ ಇಲಾಖೆಯವರ ಸಲಹೆ ಪಡೆಯುವುದು ಲೇಸು.

ಎಲ್ಲ ಸಾವೂ ರೋಗದಿಂದಲ್ಲ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಬಹುಶಃ ಆಮ್ಲಜನಕದ ಕೊರತೆ. ಅಂದು ಗೊಬ್ಬರ, ಮೇವು ನಿಲ್ಲಿಸಿ ಹೊಸ ನೀರು ಹಾಯಿಸಿದರೆ ಅವು ಚೇತರಿಸಿಕೊಳ್ಳಬಲ್ಲವು.

ಕೊನೆಯದಾಗಿ, ಸತ್ತ ಮೀನಿನ ವಿಚಾರ. ಅದನ್ನು ಹೊಳೆಗೆ ಎಸೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದೂಧಗಂಗೆಗೆ ಬಿದ್ದದ್ದು ಕೃಷ್ಣೆಯತ್ತ ಸಾಗುತ್ತದೆ. ದಾರಿಯುದ್ದಕ್ಕೂ ಯಾರದೋ ಬಲೆ, ಯಾರದೋ ಕೊಳ ಇರುತ್ತವೆ. ನೀರಿನಿಂದ ದೂರ ಗುಂಡಿ ತೋಡಿ, ಸುಣ್ಣ ಹಾಕಿ ಹುಗಿಯುವ ಒಂದು ಗಳಿಗೆಯ ಶ್ರಮ ಕೆಳದಂಡೆಯ ಸಂಸಾರವೊಂದರ ವರ್ಷದ ಅನ್ನವನ್ನು ಉಳಿಸಬಹುದು.