ಹುದಲಿಯ ವತನದಾರರು ಹಿಡಿದ ದಾರಿ

ಬೆಳಗಾವಿಯಿಂದ ಜಾಂಬೋಟಿಗೆ ಹೊರಟವರಿಗೆ ಟಿಳಕವಾಡಿಯ ಕಾಂಗ್ರೆಸ್ ರಸ್ತೆ ಗೊತ್ತಿರುತ್ತದೆ. ಪಕ್ಕದ ಬಾವಿಯನ್ನು ಎಷ್ಟು ಜನ ಇಳಿದು ನೋಡಿದ್ದಾರೋ! ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನಕ್ಕೆ, 1924ರ ಡಿಸೆಂಬರಿನಲ್ಲಿ ಬಂದ ಜನರಿಗೆ ನೀರು ಸಾಲಬೇಕೆಂದು ತೋಡಿಸಿದ ಬಾವಿ ಅದು. ಹೆಸರು ಪಂಪಾ ಸರೋವರ. ಅಧಿವೇಶನದ ನಗರಕ್ಕೆ ವಿಜಯನಗರವೆಂದೇ ಹೆಸರಿಟ್ಟಿದ್ದರು. ಈ ಎಲ್ಲ ಏರ್ಪಾಟಿನ ಹೊಣೆ ಹೊತ್ತವರು ಬೆಳಗಾವಿ ಹತ್ತಿರದ ಹುದಲಿಯ, ವಂಶಪಾರಂಪರ್ಯ ಭೂಮಿಯುಳ್ಳ ವತನದಾರ ಮನೆತನದ ಗಂಗಾಧರರಾವ್ ದೇಶಪಾಂಡೆ.

ಭೂಮಿ ಇದ್ದವರಿಗೆ ಆಗ ರಾಜಕೀಯಕ್ಕೆ ಸಲೀಸಾದ ದಾರಿಯೊಂದಿತ್ತು. ಆಸ್ಟ್ರೇಲಿಯಾದಲ್ಲಿ ಕುರಿಮಂದೆಗಳ ಸಾಹುಕಾರರು ಮೇಲ್ಮನೆಯಲ್ಲಿ ಕೂತು ತಮ್ಮ ಹುಲ್ಲುಗಾವಲು ಕಾಯ್ದುಕೊಂಡರು. ಮುಂಬೈ ಇಲಾಖೆಯ ಕೌನ್ಸಿಲಿನಲ್ಲೂ ದಖ್ಖನಿನ ಸರದಾರರಿಗೆ ಪ್ರತ್ಯೇಕ ಸ್ಥಾನವಿತ್ತು. 1871ರಲ್ಲಿ ಹುಟ್ಟಿದ ಗಂಗಾಧರರಾಯರು ಸರಕಾರದ ಮರ್ಜಿ ಕಾಯದೆ ಟಿಳಕರ ಬೆನ್ನು ಹತ್ತಿದರು. 1916ರ ಏಪ್ರಿಲಿನಲ್ಲಿ ಟಿಳಕರ ಹೋಮ್ ರೂಲ್ ಲೀಗ್ ಹುಟ್ಟಿದ್ದು ಬೆಳಗಾವಿಯಲ್ಲೇ. ಅದೇ ಸಂದರ್ಭದ ಪ್ರಾಂತಿಕ ಪರಿಷತ್ತಿಗೆ ಗಾಂಧೀಜಿಯೂ ಬಂದಿದ್ದರು.

1920ರಲ್ಲಿ ಟಿಳಕರು ತೀರಿಕೊಂಡರು. ಅವರ ಎಷ್ಟೋ ಶಿಷ್ಯರಿಗೆ ಚರಕ ರುಚಿಸಲಿಲ್ಲ. ಗಂಗಾಧರರಾಯರು ಮಾತ್ರ ಗಾಂಧಿ ಪಕ್ಷ ಸೇರಿ ಖಾದಿಗೆ ನಿಂತರು. ಆದರೂ ದೇಶಗತಿಯ ಧಾರಾಳ ಬುದ್ಧಿ ಎಲ್ಲಿ ಹೋದೀತು? ಬೆಳಗಾವಿಯಲ್ಲಿ ಗಾಂಧೀಜಿಗೆಂದು ಕಟ್ಟಿಸಿದ ಬಿಡಾರ ಗುಡಿಸಲಿನ ಬದಲು ಅರಮನೆಯಂತಿತ್ತು. ಗಾಂಧೀಜಿ ತಮ್ಮ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಅದನ್ನು ನಗುತ್ತಲೇ ಆಕ್ಷೇಪಿಸಿದರು. ಅತಿಥಿಗೆ ಕಡಿಮೆ ಮಾಡುವುದು ವಾಡೆಯಲ್ಲಿ ಬೆಳೆದವರಿಗೆ ಕಷ್ಟವೇ.

ಅಧಿವೇಶನದ ಲಾಭವೆಲ್ಲ ಸ್ವರಾಜ್ಯದ ಲೆಕ್ಕಕ್ಕೆ ಮಾತ್ರ ಹೋಗಲಿಲ್ಲ. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಅಲ್ಲಿಯೇ ಮೊಳಗಿತು. ಅದೇ ವೇಳೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಎಲ್ಲರನ್ನೂ ಕರೆದು ಕೂಡಿಸಿದ 'ಕರ್ನಾಟಕ ಸಿಂಹ' ಗಂಗಾಧರರಾಯರು ತಮ್ಮ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಬೆಳಗಾವಿಯ ಗಡಿ ವಾದಕ್ಕೆ ನಿಂತವರು, ಎರಡೂ ಕಡೆಯವರು, ಇದನ್ನು ಕೊಂಚ ನೆನೆಯಬೇಕು.

1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲೇ ನಡೆಯಿತು. ಗಾಂಧೀಜಿ ಬಂದು ಅಲ್ಲಿಯೇ ತಂಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಗಂಗಾಧರರಾಯರು ಮಂತ್ರಿಯಾಗಲಿಲ್ಲ. 1960ರಲ್ಲಿ ತೀರಿಕೊಂಡರು. ಅವರು ಊರಿಗೆ ಹಚ್ಚಿದ ಖಾದಿಯ ಗೀಳು ಮಾತ್ರ ಬಿಟ್ಟಿಲ್ಲ: ಹುದಲಿಯ ಹೆಣ್ಣುಮಕ್ಕಳು ಇಂದಿಗೂ ನೂಲುತ್ತಾರೆ, ನೇಯುತ್ತಾರೆ, ಅಲ್ಲಿಯ ಉಪ್ಪಿನಕಾಯಿಗೂ ಗಿರಾಕಿಗಳಿದ್ದಾರೆ.